ಸಾಫ್ತಾಳ ಮಂಡಿ

ತುದೋರಾ ಬೋಗುಣಿಯನ್ನು ಎರಡೂ ಕೈಗಳಿಂದ ಹಿಡಿದು, ಯಾರೂ ತುಳಿಯದ ಜಾಗವೆಂದು ಅಕ್ರೋಟು ಮರದ ಹಿಂದೆ, ಸಾಫ್ತಾಳ ಶವ ತೊಳೆದ ನೀರನ್ನು ಸುರಿದಳು. ಆಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಬಾಗಿಲ ಬಳಿ ನಿಂತಿದ್ದ ಸತ್ತವಳ ಮಗಳ ಕಡೆ ತಿರುಗಿದಳು.

"ಸ್ಮರಂದಾ, ನಿಮ್ಮಮ್ಮ ಸಂತಳು ಕಣೇ. ಮಂಡಿ ನೋಡಿದೆ. ನೇಗಿಲು ಹಿಡಿದ ಅಂಗೈ ಥರ ಜಡ್ಡುಗಟ್ಟಿದೆ. ಗಂಟೆಗಟ್ಟಲೆ ಮಂಡಿಯೂರಿ ಪ್ರಾರ್ಥನೆ ಮಾಡದೆ ಹಾಗಾಗುತ್ತಾ?"

"ಅಮ್ಮ ಈಸ್ಟರ್‌ಗೆ ಚರ್ಚಿಗೆ ಹೋದ್ರೇ ಹೆಚ್ಚು, ತುದೋರಕ್ಕ."

"ಮನೇಲೇ ಮಾಡ್ತಿದ್ಲು. ಅಂಥವರು ಹೇಳ್ಕೊಳ್ಳಲ್ಲ."

ರಕ್ತಸಂಬಂಧಿಗಳು ಶವವನ್ನು ತೊಳೆಯುವಂತಿಲ್ಲ. ಆದ್ದರಿಂದ ಸ್ಮರಂದಾ ಆ ಮಂಡಿಗಳನ್ನು ನೋಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರ ತುದಿ ಮುಟ್ಟಿತ್ತು. ಮೇಣದಬತ್ತಿ ಹಿಡಿದು ಬಂದವರು ಶವಪೆಟ್ಟಿಗೆಯ ಬಟ್ಟೆಯನ್ನು ಮಂಡಿಯ ನೇರಕ್ಕೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಸ್ಮರಂದಾಳಿಗೆ ತಿಳಿಯಬೇಕಾಗಿದ್ದುದು ಒಂದೇ: ಅಮ್ಮ ಕೊನೆಯಲ್ಲಿ ನೆಲದ ಮೇಲೆ ಬಿದ್ದು, ಯಾರನ್ನೋ ಕೂಗುತ್ತ ಸತ್ತಳೇ? ಕೇಳುವ ಧೈರ್ಯ ಅವಳಿಗಿರಲಿಲ್ಲ.

*

ಹಿಂದಿನ ವರ್ಷದ ಚಳಿಗಾಲದಲ್ಲಿ ಸಾಫ್ತಾ ಅಡುಗೆಮನೆಯಲ್ಲಿ ಜಾರಿ ಬಿದ್ದು, ಬೆಳಗಾಗುವವರೆಗೂ ಹಾಗೇ ಬಿದ್ದಿದ್ದಳು. ಚಿಮಣಿಯಲ್ಲಿ ಹೊಗೆ ಕಾಣದೆ ಪಕ್ಕದ ಮನೆಯ ಇಲಿಂಕಾ ಬಂದು ನೋಡಿದ್ದಳು. ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಕೂಡಿತು. ಮನೆಗೆ ಮರಳಿದ ದಿನವೇ ಜಗಳವಾಯಿತು.

"ನನ್ನ ಜೊತೆ ಕ್ರಾಯೋವಾಕ್ಕೆ ಬಾ ಅಮ್ಮ. ಮತ್ತೆ ಬಿದ್ರೆ?"

"ಬಿದ್ರೆ ಏಳ್ತೀನಿ."

"ಹೇಗೆ ಏಳ್ತೀಯ? ರಾತ್ರಿಯೆಲ್ಲ ಬಿದ್ದಿದ್ಯಲ್ಲ!"

"ಆವಾಗ ಏಳೋದು ಗೊತ್ತಿರ್ಲಿಲ್ಲ."

ಮಗಳು ಬಾಗಿಲನ್ನು ಜೋರಾಗಿ ಎಳೆದುಕೊಂಡು ಪಟ್ಟಣಕ್ಕೆ ಹೋದಳು. ಆಮೇಲೆ ಫೋನಿನಲ್ಲಿ ಸಾಫ್ತಾ ಕೋಳಿಗಳ ವಿಷಯವನ್ನಷ್ಟೇ ಮಾತನಾಡುತ್ತಿದ್ದಳು.

*

ಅಂತ್ಯಕ್ರಿಯೆಯ ದಿನ ಅಂಗಳದಲ್ಲಿ ಪೆಟ್ಟಿಗೆಯನ್ನು ಬೆಂಚಿನ ಮೇಲೆ ಇಳಿಸಿದ್ದರು. ಪಾದ್ರಿಗಳೂ ಮಂಡಿಯ ವಿಷಯವನ್ನೇ ಎತ್ತಿದರು.

"ಗೋಡೆಗಳಷ್ಟೇ ಸಾಕ್ಷಿಯಾಗಿದ್ದ ಪ್ರಾರ್ಥನೆ ಇದು. ನನಗೂ ಇದು ಗೊತ್ತಾಗಲಿಲ್ಲ..."

ಸ್ಮರಂದಾಳ ಪಕ್ಕದಲ್ಲಿ ಇಲಿಂಕಾ ಕರವಸ್ತ್ರವನ್ನು ಬಾಯಿಗೊತ್ತಿಕೊಂಡಳು. ಅವಳ ಭುಜಗಳು ಕುಲುಕಿದವು.

"ನಗ್ತಿದ್ದೀರಾ ದೊಡ್ಡಮ್ಮ?"

"ಪ್ರಾರ್ಥನೆಯಂತೆ! ದಿನಾ ಕೋಳಿಗೆ ಕಾಳು ಹಾಕಿ ಬಂದು, ಬೇಕೂಂತ್ಲೇ ನೆಲದ ಮೇಲೆ ಬೀಳೋಳು. ಆಮೇಲೆ ಅಂಗೈಯೂರಿ, ಮಂಡಿ ಮೇಲೆ ಬಂದು, ಗಟ್ಟಿ ಕಾಲು ಮುಂದಿಟ್ಟು ಏಳೋಳು. ಮತ್ತೆ ಬೀಳೋಳು. ಆಸ್ಪತ್ರೇಲಿ ವ್ಯಾಯಾಮ ಮಾಡಿಸೋ ಹುಡುಗಿ ಹೇಳ್ಕೊಟ್ಟಿದ್ದು. ಮೊದಮೊದಲು ಮಂಡಿವರೆಗೂ ಬರೋಕಾಗ್ತಿರ್ಲಿಲ್ಲ, ಅಳ್ತಾ ಬೈತಿದ್ಲು. ಆ ಬೈಗುಳ ಕೇಳಿದ್ರೆ ಈ ಪಾದ್ರಿ ಊರು ಬಿಡ್ತಿದ್ರು."

ಸ್ಮರಂದಾ ಅವಳ ತೋಳು ಹಿಡಿದಳು. "ಮೊನ್ನೆ... ನೀವು ಮೊದಲು ಬಂದು ನೋಡಿದಾಗ ಅಮ್ಮ ನೆಲದ ಮೇಲಿದ್ಲಾ?"

ಇಲಿಂಕಾಳ ನಗು ನಿಂತಿತು.

"ಮಂಚದ ಮೇಲಿದ್ಲು ಮಗಾ. ಅಡುಗೆಮನೇಲಿ ಹಾಲು ಚೆಲ್ಲಿತ್ತು. ಅವಳ ರವಿಕೆ, ಲಂಗ, ಮಂಡಿ, ಎಲ್ಲಾ ಕಡೆ ಹಾಲು ಒಣಗಿತ್ತು. ಬಿದ್ದಿದ್ಲು. ಎದ್ದು, ನಡ್ಕೊಂಡು ಹೋಗಿ, ಕುತ್ತಿಗೇವರೆಗೂ ಹೊದ್ಕೊಂಡು ಮಲಗಿದ್ಲು."

ಸ್ಮರಂದಾ ತೆರೆದ ಬಾಗಿಲಿನೊಳಗೆ ಇಣುಕಿ, ಅಡುಗೆಮನೆಯ ಹೊಸ್ತಿಲಿನಿಂದ ಮಂಚದವರೆಗಿನ ದೂರವನ್ನು ನೋಡಿದಳು. ಯಾವ ಪರ್ವತವನ್ನೂ ಅವಳು ಹಾಗೆ ನೋಡಿರಲಿಲ್ಲ.

ಪಾದ್ರಿಗಳು ಕ್ಷಮೆಯ ಪ್ರಾರ್ಥನೆಯನ್ನು ಆರಂಭಿಸಿದರು. ಅಂಗಳವಿಡೀ ಮಂಡಿಯೂರಿತು. ಪ್ರಾರ್ಥನೆ ಮುಗಿದಾಗ ಮಕ್ಕಳು, ಸೊಸೆಯಂದಿರು ಎದ್ದು, ರೂಢಿಯಂತೆ ಮುದುಕಿಯರಿಗೆ ಕೈ ಚಾಚಿದರು. ತುದೋರಾ ಮಾತ್ರ ತನ್ನ ಮಗನ ಕೈ ಹಿಡಿದು ಎದ್ದಳು. ಸಾಫ್ತಾಳ ಓಣಿಯವರು ಯಾರೂ ಹಿಡಿಯಲಿಲ್ಲ. ಇಲಿಂಕಾ ಎರಡೂ ಅಂಗೈಗಳನ್ನು ನೆಲಕ್ಕೂರಿ ಉಸಿರೆಳೆದುಕೊಂಡಳು. ಗಟ್ಟಿ ಕಾಲನ್ನು ಮುಂದೆ ತಂದು, ತೊಡೆಯ ಮೇಲೆ ಭಾರ ಹಾಕಿ, ನಿಧಾನವಾಗಿ ನೆಟ್ಟಗಾದಳು. ಅವಳ ಹಿಂದೆ ಇನ್ನೊಬ್ಬಳು ಹಾಗೆಯೇ ಎದ್ದಳು. ಬೇಲಿಯ ಪಕ್ಕದಲ್ಲಿ ಮತ್ತೊಬ್ಬಳು. ಗೇಟಿನವರೆಗೂ ಕಪ್ಪು ಬಟ್ಟೆಯ ಮುದುಕಿಯರು ಅಂಗೈಯೂರಿ, ಕಾಲು ಮುಂದಿಟ್ಟು, ಒಬ್ಬೊಬ್ಬರಾಗಿ ನೆಲದಿಂದ ಮೇಲೇಳುತ್ತಿದ್ದರು. ಚಾಚಿದ ಕೈಗಳು ಗಾಳಿಯಲ್ಲೇ ಉಳಿದವು. ಪಾದ್ರಿಗಳು ಪುಸ್ತಕದೊಳಗೆ ಬೆರಳಿಟ್ಟುಕೊಂಡು ಕಾದರು.