ಹಳದಿ ಬಣ್ಣದ ಬೀದಿ

“‘ತಮ್ಮ’ ಅನ್ನು, ಅಮ್ಮ,” ಎಂದಳು ಮಗಳು. “ಒಂದ್ಸಲ ಬಾಯಿಬಿಟ್ಟು ಅಂದುಬಿಡು, ರೂಢಿ ಆಗುತ್ತೆ.”

“ತಮ್ಮ,” ಎಂದಳು ತಾಯಿ, ಕಹಿ ಗುಳಿಗೆ ನುಂಗಿದವಳ ಹಾಗೆ.

“ಹಾಗಲ್ಲ. ಇವರು ನಿಮಗೆ ಏನಾಗಬೇಕು ಅಂತ ನಗರಸಭೆ ಸಾಹೇಬರು ಕೇಳ್ತಾರೆ. ತಡವರಿಸದೆ ಹೇಳಬೇಕು. ನನ್ನ ತಮ್ಮ, ಮೇಲಿನ ರೂಮಲ್ಲಿರ್ತಾನೆ. ಅಷ್ಟೇ, ಮುಂದಕ್ಕೆ ಒಂದು ಮಾತೂ ಬೇಡ. ಮತ್ತೆ ನೀನು ಬನ್ನಿ ಹೋಗಿ ಅನ್ನೋಕೆ ಹೋಗಬೇಡ. ಒಡಹುಟ್ಟಿದವನಿಗೆ ಯಾರು ಬನ್ನಿ ಅಂತಾರೆ?”

ಈ ಪಾಠವೆಲ್ಲ ನಡೆಯುತ್ತಿದ್ದದ್ದು ತಮ್ಮನಾಗಬೇಕಾದ ಮೇಸ್ತ್ರಿಯ ಎದುರಿಗೇ. ಅವನು ಮುಂದಿನ ಹಾಲಿನಲ್ಲಿ ತಲೆಕೆಳಗು ಮಾಡಿಟ್ಟ ಸೋಫಾದ ಪಕ್ಕ ಮಂಡಿಯೂರಿ ಕೂತು, ಅದರ ಹೊಟ್ಟೆಗೆ ಗೋಣಿಪಟ್ಟಿ ಬಿಗಿಯುತ್ತಿದ್ದ. ಬಾಯಿ ತುಂಬ ಚಿಕ್ಕ ಮೊಳೆಗಳು. ನಾಲಗೆಯಿಂದ ಒಂದನ್ನು ತುಟಿಗೆ ತಂದು, ಎಡಗೈಯಲ್ಲಿ ತೆಗೆದು ಇಟ್ಟು, ಎರಡು ಏಟು. ಒಂದು ಬಿಡುವು. ಮತ್ತೆ ಎರಡು ಏಟು. ಬಾಯಲ್ಲಿ ಮೊಳೆ ಇಟ್ಟುಕೊಂಡವನ ಹತ್ತಿರ ಯಾರೂ ಅಭಿಪ್ರಾಯ ಕೇಳುವುದಿಲ್ಲ. ಆ ಕಸುಬಿನಲ್ಲಿ ಸುಖ ಅಂತ ಏನಾದರೂ ಇದ್ದರೆ ಅದೊಂದೇ.

ತಾಯಿಯ ಗಂಡ ಬದುಕಿದ್ದಾಗಿನಿಂದಲೂ ಆ ಹಾಲು ಸೋಫಾ ರಿಪೇರಿ ಅಂಗಡಿ. ಒಳಬಾಗಿಲಿಗೆ ಒಂದು ಪರದೆ. ಪರದೆಯ ಆಚೆ ಮನೆ, ಮಹಡಿಗೆ ಹತ್ತುವ ಮೆಟ್ಟಿಲು. ಬೀದಿಯವರು ಗಂಡನನ್ನು ಸೋಫಾ ಸಾಹುಕಾರ ಎಂದು ಕಿಚಾಯಿಸುತ್ತಿದ್ದರು, ಅವನು ಹೋದ ಮೇಲೆ ಅವಳು ಸೋಫಾ ಅಕ್ಕ ಆದಳು. ಬಟ್ಟೆ ಕತ್ತರಿಸುವುದು, ಹೊಲಿಯುವುದು ಅವಳ ಪಾಲು. ಮರ, ಸ್ಪ್ರಿಂಗು, ಮೊಳೆ ಮೇಸ್ತ್ರಿಯ ಪಾಲು. ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ ಗಂಡನ ಕೈಕೆಳಗೆ ಕೆಲಸಕ್ಕೆ ಸೇರಿದವನು, ಈಗ ಅವನ ಮೀಸೆಯೂ ನೆರೆತಿತ್ತು.

ಎಲ್ಲ ಸರಿಯಾಗಿಯೇ ಇತ್ತು, ಊರಿಗೆ ಹೊಸ ನಕ್ಷೆ ಬರುವ ತನಕ. ನಗರಸಭೆಯವರು ಊರಿಗೆಲ್ಲ ಬಣ್ಣ ಹಚ್ಚಿ ಕಚೇರಿಯ ಗೋಡೆಗೆ ತೂಗುಹಾಕಿದರು. ನೀಲಿ ಅಂದರೆ ವ್ಯಾಪಾರ, ನೇರಳೆ ಅಂದರೆ ಕಾರ್ಖಾನೆ, ಹಳದಿ ಅಂದರೆ ಬರೀ ವಾಸ. ನೀಲಿಗೂ ಹಳದಿಗೂ ನಡುವಿನ ಗೆರೆ ಅಕ್ಕನ ಮನೆಯ ಮುಂದಿನ ರಸ್ತೆಯ ಮೇಲೇ ಹಾದುಹೋಗಿತ್ತು. ಆಚೆ ಬದಿಯ ಫರ್ನಿಚರ್ ಅಂಗಡಿಗಳ ಸಾಲು ನೀಲಿ. ಈಚೆ ಬದಿ, ಅಕ್ಕನ ಮನೆಯನ್ನೂ ಸೇರಿಸಿಕೊಂಡು, ಹಳದಿ. ರಸ್ತೆಯ ಆಚೆ ಸುತ್ತಿಗೆ ಎತ್ತಿದರೆ ಅದು ಉದ್ಯೋಗ, ಈಚೆ ಎತ್ತಿದರೆ ಅದೇ ಸುತ್ತಿಗೆ ಉಪದ್ರವ.

ನಗರಸಭೆಗೆ ದೂರು ಕೊಟ್ಟವಳ ಮೇಲೆ ಸಿಟ್ಟಾಗೋಣ ಎಂದರೆ ಅದಕ್ಕೂ ದಾರಿ ಇರಲಿಲ್ಲ. ಪಕ್ಕದ ಮನೆಗೆ ಬಾಡಿಗೆಗೆ ಬಂದ ನರ್ಸು ಅವಳು. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ನಿಂತು ಬೆಳಿಗ್ಗೆ ಬಂದು ಮಲಗಬೇಕು. ಊದಿದ ಕಣ್ಣು ಹೊತ್ತು ಬಂದು, “ಅಕ್ಕ, ಮಧ್ಯಾಹ್ನದ ತನಕ ನಿಲ್ಲಿಸೋಕಾಗಲ್ವಾ?” ಎಂದು ಎಷ್ಟೋ ಸಲ ಮೆತ್ತಗೆ ಕೇಳಿದ್ದಳು. ಪ್ರತಿ ಸಲವೂ ಅಕ್ಕ ಆಗಲಿ ಎಂದಿದ್ದಳು. ಪ್ರತಿ ಸಲವೂ ಯಾರದೋ ಮನೆಯ ಸಮಾರಂಭಕ್ಕೆ ಅರ್ಜೆಂಟಾಗಿ ಒಂದು ಸೋಫಾ ಬಂದುಬಿಡುತ್ತಿತ್ತು.

ಹಳದಿಯೊಳಗೂ ಒಂದು ಸಂದು ಇದೆ ಎಂದು ಕಂಡುಹಿಡಿದವಳು ಮಗಳು. ವಾಸದ ಬೀದಿಯಲ್ಲೂ ಮನೆಯೊಳಗೆ ಕೈಕಸುಬು ಮಾಡಬಹುದಂತೆ, ಮಾಡುವವರು ಆ ಮನೆಯಲ್ಲೇ ವಾಸ ಇರುವವರಾದರೆ. ಹೊರಗಿನಿಂದ ಬಂದು ದುಡಿಯುವವನು ಇದ್ದರೆ ಅದು ಅಂಗಡಿ, ಅಂಗಡಿಗೆ ಬೀಗ. ಮಗಳು ಎರಡು ಬೀದಿ ಆಚೆಯ ಗಂಡನ ಮನೆಯಿಂದ ಬಂದು, ಸೆರಗು ಸಿಕ್ಕಿಸಿಕೊಂಡು, ಮಹಡಿಯ ಮೇಲಿನ ರೂಮಿನ ಹಳೆ ಸಾಮಾನನ್ನೆಲ್ಲ ಹೊರಗೆ ಹಾಕಿ ಒಂದು ಮಂಚ ಹಾಕಿದಳು. ಗೂಟಕ್ಕೆ ಶರಟು ಬೇಕು, ಮೂಲೆಗೆ ಟ್ರಂಕು ಬೇಕು, ತಮ್ಮ ಅಂದರೆ ಇಲ್ಲೇ ಇರ್ತಾನೆ ಅಂತ ನಂಬ್ತಾರೆ ಎಂದಳು. ಮೇಸ್ತ್ರಿ ತನ್ನ ಬಾಡಿಗೆ ರೂಮಿನಿಂದ ಟ್ರಂಕನ್ನು ಬಸ್ಸಿನಲ್ಲಿ ತಂದು ಹಾಲಿನಲ್ಲಿ ಇಳಿಸಿ, ಏನೂ ಆಗದವನ ಹಾಗೆ ಕೆಲಸಕ್ಕೆ ಕೂತ. ಮಗಳೇ ಅದನ್ನು ಮೇಲಕ್ಕೆ ಎತ್ತಿಕೊಂಡು ಹೋದಳು.

“ನಿಮಗೆ ಒಪ್ಪಿಗೆ ತಾನೆ?” ಎಂದು ಅಕ್ಕ ಅವನನ್ನು ಕೇಳಿದ್ದಳು.

“ನಿಮಗೂ ಹೊಟ್ಟೆಪಾಡು, ನಂಗೂ ಹೊಟ್ಟೆಪಾಡು. ತಮ್ಮ ಅಂದ್ರೆ ತಮ್ಮ. ಹಣೆ ಮೇಲೆ ಬರೆದಿರುತ್ತಾ?” ಎಂದಿದ್ದ ಅವನು.

“ನಾನು ಹುಟ್ಟಿದಾಗಿಂದ ಮೇಸ್ತ್ರಿ ಮಾಮ ಅಂತಲೇ ಕರೀತಿರೋದು. ಇದರಲ್ಲಿ ಸುಳ್ಳೆಲ್ಲಿ ಬಂತು?” ಎಂದು ಮಗಳು ಧೈರ್ಯ ತುಂಬಿದಳು.

ಸಾಹೇಬರು ಬಂದದ್ದು ಬಿಸಿಲು ಏರಿದ ಮೇಲೆ. ಹೆದರಿಸುವಂಥ ಆಳೇನಲ್ಲ. ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡೇ ಮೆಟ್ಟಿಲು ಹತ್ತಿದರು. ಬೆಳಿಗ್ಗೆಯಿಂದ ಎಷ್ಟು ಮನೆಯ ಬೈಗುಳ ತಿಂದಿದ್ದರೋ, ಬಾಗಿಲಲ್ಲೇ ಮೊದಲು ನೀರು ಕೇಳಿದರು. ರಿಪೇರಿಯಾಗಿ ಗಿರಾಕಿಗಾಗಿ ಕಾಯುತ್ತಿದ್ದ ಸೋಫಾದ ಮೇಲೆ ಕೂತರು. ಕೂತವರ ಮುಖ ಸಡಿಲವಾಯಿತು. ಮೇಸ್ತ್ರಿ ಕಟ್ಟಿದ ಸೋಫಾ ಅದು.

“ಇವರು ನಿಮಗೆ ಏನಾಗಬೇಕು?” ಎಂದರು, ಅರ್ಧ ಲೋಟ ಮುಗಿಸಿ.

“ನನ್ನ ತಮ್ಮ, ಮೇಲಿನ ರೂಮಲ್ಲಿರ್ತಾನೆ,” ಎಂದಳು ಅಕ್ಕ ಒಂದೇ ಉಸಿರಿಗೆ. ಮಗಳು ಗೋಡೆಗೆ ಒರಗಿದಳು.

“ತುಂಬ ದಿನದಿಂದ ಇದ್ದಾರಾ?”

“ನಮ್ಮನೆಯವರು ಇದ್ದಾಗಿಂದ.”

ಮೇಸ್ತ್ರಿ ಮೊಳೆ ತುಂಬಿದ ಬಾಯಲ್ಲಿ ಹೌದೆಂದು ತಲೆಯಾಡಿಸಿದ. ಸಾಹೇಬರು ಖಾಲಿ ಲೋಟ ಚಾಚಿ ಇನ್ನಷ್ಟು ನೀರು ಕೇಳಿದರು, ಅಕ್ಕ ಪರದೆ ಸರಿಸಿ ಅಡುಗೆಮನೆಗೆ ಹೋದಳು. ಅಷ್ಟಕ್ಕೇ ಮುಗಿಯಿತೆಂದು ಅವಳಿಗೂ ಅನ್ನಿಸಿತ್ತು. ನೀರು ಮಾತ್ರ ಲೋಟದ ಹೊರಗೇ ಹೆಚ್ಚು ಬಿತ್ತು.

ಹಾಲಿನಿಂದ ಸಾಹೇಬರ ದನಿ ಕೇಳಿಸಿತು. “ಸರಿ, ರೂಮೊಂದು ನೋಡಿಬಿಡ್ತೀನಿ. ನೀವೇ ತೋರಿಸಿ.”

ಮೇಸ್ತ್ರಿ ಬಾಯಿಯ ಮೊಳೆಗಳನ್ನು ಅಂಗೈಗೆ ಉಗಿದು ಡಬ್ಬಿಗೆ ಸುರಿದ. ಮಂಡಿಗೆ ಅಂಟಿದ ನಾರು ಕೊಡವಿಕೊಂಡ. ಒಳಬಾಗಿಲ ತನಕ ಬಂದು ಚಪ್ಪಲಿ ಬಿಟ್ಟು, ಎರಡನ್ನೂ ಗೋಡೆಯ ಪಕ್ಕ ಜೋಡಿಸಿದ. ಆಮೇಲೆ ಪರದೆಯ ಮುಂದೆ ನಿಂತು, ದಿನಾ ಕೇಳುವ ದನಿಯಲ್ಲೇ ಕೇಳಿದ.

“ಅಕ್ಕ, ಒಳಗೆ ಬರ್ಲಾ?”

ಅವಳ ಬಾಯಿಂದಲೂ ದಿನದ ಮಾತೇ ಬಂತು. “ಅಲ್ಲೇ ಇರಿ ಮೇಸ್ತ್ರಿ, ನಾನೇ ಬಂದೆ.”

ಲೋಟ ಹಿಡಿದು ಹೊರಗೆ ಬಂದಾಗಲೇ ಅವಳಿಗೆ ಗೊತ್ತಾದದ್ದು. ಮಗಳು ಕಣ್ಣು ಮುಚ್ಚಿಕೊಂಡಿದ್ದಳು. ಮೇಸ್ತ್ರಿ ಪರದೆಯ ಈಚೆ, ತನ್ನ ಬರಿಗಾಲನ್ನೇ ನೋಡುತ್ತ ನಿಂತಿದ್ದ.

ಸಾಹೇಬರು ನಗಲಿಲ್ಲ, ಗದರಲೂ ಇಲ್ಲ. ಲೋಟ ತೆಗೆದುಕೊಂಡು ನಿಧಾನವಾಗಿ ಕುಡಿದು ಮುಗಿಸಿದರು. “ರೂಮು ನೋಡೋದು ಬೇಡ ಬಿಡಿ,” ಎಂದರು.

“ಸಾರ್, ಮಾಮನದು ಮೊದಲಿಂದಲೂ ಸ್ವಲ್ಪ ಸಂಕೋಚದ ಸ್ವಭಾವ,” ಎಂದು ಮಗಳು ಶುರುಮಾಡಿದಳು.

“ನಾನೂ ಅಕ್ಕನ ಮನೇಲೇ ಬೆಳೆದೋನಮ್ಮ. ಅಡುಗೆಮನೆಗೆ ನುಗ್ಗೋಕೆ ಒಂದು ದಿನವೂ ಕೇಳಿಲ್ಲ.” ಅವರು ಸೊಂಟ ಹಿಡಿದುಕೊಂಡು ಎದ್ದರು. ಎದ್ದವರು ಸೋಫಾದ ಕಡೆ ಒಮ್ಮೆ ತಿರುಗಿ ನೋಡಿದರು. “ತಮ್ಮನೋ ಅಲ್ವೋ, ನಿಯಮಕ್ಕೆ ಬೇಕಾಗಿಲ್ಲ. ಇಲ್ಲೇ ವಾಸ ಇದ್ರೆ ಸಾಕು. ಒಂದು ತಿಂಗಳು ಬಿಟ್ಟು ಬರ್ತೀನಿ. ಇದ್ರೆ ಇದ್ದಾರೆ ಅಂತ ಬರೀತೀನಿ. ಇಲ್ಲಾಂದ್ರೆ ನೀವೊಬ್ಬರೇ ಮಾಡ್ಕೊಳ್ಳಿ. ಎರಡೂ ಆಗಲ್ಲಾಂದ್ರೆ ಬೀಗ ಹಾಕೋ ಪಾಪ ನಂಗೆ.”

ಅವರು ಹೋದ ಮೇಲೆ ಮಗಳು ಚೇತರಿಸಿಕೊಂಡಳು. “ಇಷ್ಟೇನಾ? ಹಾಗಾದ್ರೆ ಮಾಮ ನಿಜವಾಗ್ಲೂ ಇದ್ದುಬಿಡಲಿ. ಮಂಚ ಹೆಂಗೂ ಹಾಕಿದೆ,” ಎಂದು, ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತೆಂದು ಹೊರಟಳು. ಅವಳಿಗೆ ಅದು ಅಷ್ಟು ಸುಲಭವಾಗಿ ಕಂಡಿತು.

ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಳು, ಹೊಲಿಯಲಿಲ್ಲ. ದಣಿವಾಗಿತ್ತು. ಅಂದಿನದಲ್ಲ, ಹಳೆಯ ದಣಿವು. ಪರದೆಯ ಈಚೆಗಿನ ಆ ಪ್ರಶ್ನೆಯನ್ನು ಅವಳು ಎಷ್ಟು ಸಲ ಕೇಳಿಸಿಕೊಂಡಿದ್ದಳೋ ಲೆಕ್ಕವಿಲ್ಲ, ಇವತ್ತು ಮಾತ್ರ ಅದು ಕಿವಿಗೆ ಬಿದ್ದಿತ್ತು. ಟೀ ಆಗಲಿ, ನೀರಾಗಲಿ, ಅವಳೇ ಹೊರಗೆ ತಂದು ಕೊಟ್ಟದ್ದು. ಅವನನ್ನು ಒಳಗೆ ಬರಬೇಡ ಎಂದವರು ಯಾರೂ ಇರಲಿಲ್ಲ. ಬಾ ಎಂದವರೂ ಇರಲಿಲ್ಲ. ಗಂಡ ಸತ್ತ ದಿನ, ಒಳಗಿನ ಕೋಣೆಯಲ್ಲಿ ಹೆಣದ ಸುತ್ತ ನೆಂಟರಿಷ್ಟರು ತುಂಬಿದ್ದಾಗಲೂ, ಪರದೆಯ ಆಚೆಯಿಂದ ಆ ದನಿ ಬಂದಿತ್ತು. ಅಳುತ್ತಿದ್ದವಳು ಉತ್ತರ ಕೊಟ್ಟಿರಲಿಲ್ಲ. ಹೊತ್ತುಕೊಂಡು ಹೊರಗೆ ತಂದಾಗ ಅವನು ಅಲ್ಲೇ, ಚಪ್ಪಲಿ ಬಿಟ್ಟು, ಗೋಡೆಗೆ ಅಂಟಿಕೊಂಡು ನಿಂತಿದ್ದ. ಅವತ್ತು ತನ್ನ ಯಜಮಾನನ ಮುಖವನ್ನು ಅವನು ಎಲ್ಲರಿಗಿಂತ ಕೊನೆಗೆ ನೋಡಿದ. ಅದು ಅವಳಿಗೆ ಹೊಳೆದದ್ದು ಈಗ.

“ಮೇಸ್ತ್ರಿ,” ಎಂದಳು. “ಇಲ್ಲೇ ಇದ್ದುಬಿಡಿ. ಮೇಲಿನ ರೂಮು ಸುಮ್ನೆ ಬಿದ್ದಿದೆ.”

ಅವನು ಮೊಳೆಗಳನ್ನು ಬಾಯಿಗೆ ಹಾಕಿಕೊಳ್ಳಬಹುದಿತ್ತು. ಡಬ್ಬಿ ಕೈಯಲ್ಲೇ ಇತ್ತು. ಹಾಕಿಕೊಳ್ಳಲಿಲ್ಲ.

“ಅದು ಯಾವಾಗ್ಲೂ ಸುಮ್ನೇ ಬಿದ್ದಿತ್ತಲ್ಲಕ್ಕ,” ಎಂದ.

ಹೊರಗೆ ಬಸ್ಸೊಂದು ಹೋಯಿತು.

“ಬೇಜಾರಿಂದ ಹೇಳ್ತಿಲ್ಲ,” ಎಂದ ಅವನು. “ನೀವು ಕರೆದಿದ್ರೆ ಬರ್ತಿದ್ದೆ. ಈಗ ಕರೀತಿರೋದು ನಗರಸಭೆ.”

ತಪ್ಪಾಯಿತು ಎನ್ನಬೇಕೆಂದು ಅವಳಿಗೆ ತುಂಬ ಅನ್ನಿಸಿತು. ಬಾಯಿಗೆ ಬಂದದ್ದು, “ಟೀ ಮಾಡ್ಲಾ?”

“ಮಾಡಿ.”

ಒಲೆಯ ಮುಂದೆ ನಿಂತು ಅವಳು ಅತ್ತಳು. ಹಾಲು ಉಕ್ಕುವಷ್ಟು ಹೊತ್ತು ಅತ್ತು, ಮುಖ ತೊಳೆದು, ಟೀ ಸೋಸಿ ತಂದಳು. ಪರದೆಯ ಆಚೆ ಅವನು ಕೈಚಾಚಿ ನಿಂತಿದ್ದ. ಬಾಗಿಲಲ್ಲೇ ಲೋಟ ಕೈಬದಲಾಯಿತು.

ತಿಂಗಳು ತುಂಬುವ ಮೊದಲೇ ಅವನಿಗೆ ರಸ್ತೆಯ ಆಚೆ, ನೀಲಿಯಲ್ಲಿ, ಒಂದು ಫರ್ನಿಚರ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಒಳ್ಳೆಯ ಕೈ ಯಾರಿಗೆ ಬೇಡ? ಹೊರಡುವ ದಿನ ಅಕ್ಕ, “ಮೇಲೆ ಹೋಗಿ ನಿಮ್ಮ ಟ್ರಂಕು ತಗೊಳ್ಳಿ” ಎನ್ನಲು ಹೋಗಿ ನಾಲಗೆ ಕಚ್ಚಿಕೊಂಡಳು. ತಾನೇ ಹತ್ತಿದಳು. ಮಂಚದ ಮೇಲೆ ಮಗಳು ಹಾಸಿದ್ದ ಹೊದಿಕೆ ಒಂದು ಸುಕ್ಕೂ ಇಲ್ಲದೆ ಹಾಗೇ ಇತ್ತು. ಗೂಟದ ಶರಟನ್ನು ತೆಗೆದು ಮಡಚಿದಳು. ಭಾರ ಇರಬಹುದೆಂದು ಟ್ರಂಕನ್ನು ಎರಡು ಕೈಯಲ್ಲಿ ಹಿಡಿದಳು, ಒಂದೇ ಕೈಗೆ ಬಂತು. ಇಷ್ಟು ವರ್ಷ ದುಡಿದವನ ಟ್ರಂಕು ಇಷ್ಟು ಹಗುರ ಇರಬಾರದಿತ್ತು ಎಂದು ಅವಳಿಗೆ ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಅವನು ತನ್ನ ಚಿಕ್ಕ ಸುತ್ತಿಗೆಯನ್ನು ಅವಳ ಹೊಲಿಗೆ ಯಂತ್ರದ ಮೇಲೆ ಇಟ್ಟ. “ಅಲ್ಲಿ ಬೇರೆ ಕೊಡ್ತಾರಂತೆ. ಪಟ್ಟಿ ಬಿಗಿಯುವಾಗ ಮೊಳೆ ಬಾಯಲ್ಲಿ ಇಟ್ಕೊಳ್ಳಿ, ಇಲ್ಲಾಂದ್ರೆ ಕೈ ಸಾಲಲ್ಲ. ಆಗ ಮಾತ್ರ ಮಾತಾಡೋಕೆ ಹೋಗಬೇಡಿ, ನುಂಗಿಬಿಡ್ತೀರಿ.”

“ಹೋಗಿ ಬಾ,” ಎಂದಳು ಅಕ್ಕ.

ಮಗಳ ಪಾಠದಿಂದಲ್ಲ, ಏಕವಚನ ತಾನಾಗಿ ಬಂತು. ಅವನು ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತ. ಆಮೇಲೆ ತಲೆಯಾಡಿಸಿ, ಎರಡೂ ಕಡೆ ನೋಡಿಕೊಂಡು ರಸ್ತೆ ದಾಟಿದ.

ಸಾಹೇಬರು ಹೇಳಿದ ಹಾಗೆ ಬಂದರು, ಹಾಲಿನಲ್ಲಿ ಅವಳೊಬ್ಬಳೇ ಇರುವುದನ್ನು ಕಂಡರು, ನೀರು ಕುಡಿದರು. ಕಂಡಷ್ಟನ್ನು ಬರೆದುಕೊಂಡು ಹೋದರು. ಬೀಗ ತಪ್ಪಿತು. ನರ್ಸು ಎದ್ದು ಕಿಟಕಿ ತೆಗೆದ ಮೇಲೆಯೇ ಅಕ್ಕ ಸುತ್ತಿಗೆ ಹಿಡಿಯುತ್ತಾಳೆ. ದೊಡ್ಡ ಸೋಫಾಗಳು ಈಗ ರಸ್ತೆಯ ಆಚೆಗೇ ಹೋಗುತ್ತವೆ. ಅವಳ ಪಾಲಿಗೆ ಕುರ್ಚಿ, ದಿವಾನು, ಯಾವಾಗಲಾದರೂ ಆಟೋದ ಸೀಟು.

ಒಂದು ಮಧ್ಯಾಹ್ನ ಹಳೆಯ ಗಿರಾಕಿಯೊಬ್ಬಳು ತೂತು ಬಿದ್ದ ಕುರ್ಚಿ ತಂದಳು. ಅಕ್ಕ ಮಂಡಿಯೂರಿ ಕೂತು ಬೇರೊಂದು ಕುರ್ಚಿಗೆ ಪಟ್ಟಿ ಬಿಗಿಯುತ್ತಿದ್ದಳು.

“ಮೇಸ್ತ್ರಿ ಎಲ್ಲಿ, ಕಾಣಿಸ್ತಿಲ್ಲ?”

ಅಕ್ಕ ಸುತ್ತಿಗೆಯಿಂದಲೇ ರಸ್ತೆಯ ಆಚೆ ತೋರಿಸಿದಳು.

“ಅಯ್ಯೋ, ಬಿಟ್ಟೇ ಹೋದ್ರಾ? ಎಷ್ಟು ವರ್ಷ ಇದ್ರು ಪಾಪ. ನಾನು ನಿಮ್ಮ ತಮ್ಮನೇ ಅಂದ್ಕೊಂಡಿದ್ದೆ.” ಅವಳು ಕುರ್ಚಿಯನ್ನು ಗೋಡೆಗೆ ಸರಿಸುತ್ತ, ಸುಮ್ಮನೆ ಮಾತಿಗೆಂದು ಕೇಳಿದಳು. “ಅಲ್ಲ, ಅವರು ನಿಮಗೆ ಏನಾಗಬೇಕು?”

ಅಕ್ಕ ತಲೆ ಎತ್ತಿದಳು. ಬಾಯಿ ತುಂಬ ಮೊಳೆ ಇತ್ತು, ನಾಲಗೆಯ ಮೇಲೆಲ್ಲ ಕಬ್ಬಿಣದ ರುಚಿ. ವಾಹನಗಳ ಸದ್ದು ಇಳಿದಾಗ ರಸ್ತೆಯ ಆಚೆಯಿಂದ ಎರಡು ಏಟು ಕೇಳಿಸಿತು, ಒಂದು ಬಿಡುವು, ಮತ್ತೆ ಎರಡು ಏಟು. ಗಿರಾಕಿ ಉತ್ತರಕ್ಕೆ ಕಾಯುತ್ತ ನಿಂತಿದ್ದಳು. ಅಕ್ಕ ಒಂದು ಮೊಳೆಯನ್ನು ತುಟಿಯಿಂದ ತೆಗೆದುಕೊಂಡು ಕುರ್ಚಿಯ ಮೇಲೆ ಬಾಗಿದಳು.