ಸೋದರಮಾವನ ರಕ್ತ

ಓನೊರೀನ್ ಕಾರು ಹೊರಡಿಸಿದಾಗ ಅವಳ ಅಣ್ಣ ಎಲ್ವಾ ಹಿಂದಿನ ಸೀಟಿನಲ್ಲಿ ಒರಗಿಕೊಂಡಿದ್ದ. ಕಾಲುಗಳು ಚಪ್ಪಲಿಗೆ ಹಿಡಿಸದಷ್ಟು ಊದಿದ್ದವು. ಮೂತ್ರಪಿಂಡ ಕೈಕೊಟ್ಟು ವರ್ಷಗಳೇ ಆಗಿದ್ದವು. ವಾರವಾರವೂ ರಾಜಧಾನಿ ನೂಮೆಯಾಗೆ ಹೋಗಿ, ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ರಕ್ತ ತೊಳೆಸಿಕೊಂಡು ಬಂದರಷ್ಟೇ ಅವನಿಗೆ ಜೀವ. ಗಲಾಟೆ ಶುರುವಾದ ಮೇಲೆ ಹೋಗಲು ಆಗಿರಲಿಲ್ಲ. ಬೆಳಿಗ್ಗೆ ನರ್ಸ್ ಫೋನಿನಲ್ಲಿ ಸುತ್ತಿಬಳಸದೆ ಹೇಳಿದ್ದಳು: ಇವತ್ತು ಕರೆತಂದರೆ ಸರಿ, ನಾಳೆಯ ಮಾತು ನನ್ನ ಕೈಲಿಲ್ಲ.

ಗಲಾಟೆಯ ಕಾರಣ ದ್ವೀಪದ ಮಕ್ಕಳಿಗೂ ಬಾಯಿಪಾಠ. ಫ್ರಾನ್ಸಿನಿಂದ ಬೇರೆಯಾಗಿ ಸ್ವತಂತ್ರರಾಗುತ್ತೀರಾ ಎಂದು ಮೂರು ಸಲ ಜನರ ಮತ ಕೇಳಿದ್ದರು. ಮೂರು ಸಲವೂ 'ಬೇಡ' ಗೆದ್ದಿತು. ಮೂರನೆಯ ಸಲವಂತೂ ದ್ವೀಪದ ಮೂಲನಿವಾಸಿಗಳಾದ ಕನಕರ ಮನೆಮನೆಯಲ್ಲಿ ಸಾಂಕ್ರಾಮಿಕ ರೋಗಕ್ಕೆ ಸಾವು. ಸೂತಕದಲ್ಲಿದ್ದೇವೆ, ಮುಂದಕ್ಕೆ ಹಾಕಿ ಎಂದು ಕೇಳಿಕೊಂಡರೂ ಪ್ಯಾರಿಸ್‌ನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಬೇಕೆನ್ನುವವರು ಮತಗಟ್ಟೆಯ ಕಡೆ ತಲೆ ಹಾಕಲಿಲ್ಲ. ಈಗ, ಹೊರಗಿನಿಂದ ಇತ್ತೀಚೆಗೆ ಬಂದು ನೆಲೆಸಿದವರಿಗೂ ಇಲ್ಲಿಯ ಮತದ ಹಕ್ಕು ಕೊಡುತ್ತೇವೆ ಎಂದು ಅದೇ ಪ್ಯಾರಿಸ್‌ನವರು ಅಂದದ್ದೇ ತಡ, ಊರು ಹೊತ್ತಿಕೊಂಡಿತು. ಅಂಗಡಿಗಳು ಉರಿದವು, ರಸ್ತೆಗಳು ಮುಚ್ಚಿದವು. ಭೂಮಿಯ ಆ ಮಗ್ಗುಲಲ್ಲಿ ಕೂತವರಿಗೆ ಹೊಗೆಯ ವಾಸನೆಯಾದರೂ ಹೇಗೆ ಬರಬೇಕು?

ಓನೊರೀನ್ 'ಬೇಕು' ಎನ್ನುವವಳು. ಎಲ್ವಾ 'ಬೇಡ' ಎನ್ನುವವನು. ನಿಕಲ್ ಕರಗಿಸುವ ಕುಲುಮೆಯಲ್ಲಿ ಮೈ ಸುಟ್ಟುಕೊಂಡು ದುಡಿದು ನಿವೃತ್ತನಾದವನು, ಸೂತಕವನ್ನೂ ಲೆಕ್ಕಿಸದೆ ಮೂರನೆಯ ಸಲವೂ ಹೋಗಿ ಮತ ಹಾಕಿ ಬಂದಿದ್ದ. ಅಂದಿನಿಂದ ಕೇರಿಯ ಹುಡುಗರು ಅವನಿಗೆ 'ಬೇಡಪ್ಪ' ಎಂದು ಹೆಸರಿಟ್ಟಿದ್ದರು. ಅಣ್ಣತಂಗಿ ಒಂದೇ ಅಂಗಳದಲ್ಲಿ ಗೆಣಸು ಬೇಯಿಸಿಕೊಂಡು ತಿಂದರೂ ಈ ವಿಷಯ ಮಾತ್ರ ಬಾಯಿಗೆ ತರುತ್ತಿರಲಿಲ್ಲ. ತಂದರೆ ಊಟ ಕೆಡುತ್ತಿತ್ತು.

ಮೊದಲ ತಡೆ ಬಿಳಿಯರದು. ದೋಣಿ ಎಳೆಯುವ ಗಾಡಿಯನ್ನು ಅಡ್ಡ ನಿಲ್ಲಿಸಿ, ಬೇಟೆಯ ಬಂದೂಕು ಹಿಡಿದು ನಾಲ್ಕಾರು ಮಂದಿ ಕೂತಿದ್ದರು. ಓನೊರೀನಳ ಮುಖ ಕಂಡೊಡನೆ ಎದ್ದು ನಿಂತರು. ಹಿಂದಿನ ಸೀಟಿಗೆ ಬಗ್ಗಿ ನೋಡಿದ ಒಬ್ಬ ನಕ್ಕ.

"ಅಯ್ಯೋ, ಇದು ನಮ್ಮ ಎಲ್ವಾ! ಬಿಡ್ರೋ ಬಿಡ್ರೋ. ಇವ್ನು ನಮ್ಮೋನೇ."

ಗಾಡಿ ಸರಿಯಿತು. ಎಲ್ವಾ ಕೈಯೆತ್ತಿ ವಂದಿಸಿದ. ತನ್ನ ಅಣ್ಣನನ್ನು ತನ್ನ ಊರಲ್ಲಿ 'ಬಿಡು' ಎಂದು ಹೇಳಲು ಇವನು ಯಾರು ಎಂದು ಓನೊರೀನಳಿಗೆ ಕೇಳಬೇಕೆನಿಸಿತು; ಕಾರು ಮುಂದೋಡಿಸಿದಳು.

ಎರಡನೆಯ ತಡೆ ಸೇತುವೆಗೆ ಮುಂಚಿನ ತಿರುವಿನಲ್ಲಿ. ಅದು ತಮ್ಮವರದೇ. ಸುಟ್ಟ ಕಾರು, ಟೈರು, ಹಳೆಯ ಫ್ರಿಜ್ಜು, ಕಡಿದು ಕೆಡವಿದ ಮರ. ಮೇಲೆ ಬಿದಿರಿನ ತುದಿಗೆ ಕಟ್ಟಿದ, ಸ್ವಾತಂತ್ರ್ಯ ಬೇಕೆನ್ನುವವರ ನೀಲಿ-ಕೆಂಪು-ಹಸಿರು ಬಾವುಟ. ಆ ತಡೆಯ ಮುಂದಾಳು ಅವಳ ಮಗ ದುಯಿ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಧೈರ್ಯ ಮಾಡಿ ಬಂದಿದ್ದಳು. ಗೊತ್ತಿಲ್ಲದ್ದು ಒಂದಿತ್ತು: ಮಗನ ಹಣೆಗೆ ಬಿಗಿದ ಪಟ್ಟಿ, ಅದರಲ್ಲಿ ಒಣಗಿ ಕಪ್ಪಾದ ರಕ್ತ.

"ಏನೋ ಇದು? ಯಾವಾಗ ಆಯ್ತೋ?"

"ಏನಿಲ್ಲಮ್ಮ, ರಬ್ಬರ್ ಗುಂಡು. ಪೊಲೀಸ್ರು ಹೊಡೆದ್ರು. ನೀನ್ಯಾಕೆ ಬಂದೆ ಇಲ್ಲಿಗೆ?"

"ಮಾವನಿಗೆ ಯಂತ್ರ ಹಾಕಿಸ್ಬೇಕು ಕಣೋ. ಇವತ್ತು ಆಗ್ಲಿಲ್ಲ ಅಂದ್ರೆ..."

ದುಯಿ ಕಾರಿನೊಳಗೆ ಇಣುಕಿ ಮಾವನ ಮುಖ ನೋಡಿದ. ನೋಡಿದವನೇ ಗಾಬರಿಯಾಗಿ ಮರ ಸರಿಸಲು ತಿರುಗಿದ. ಅಷ್ಟರಲ್ಲಿ ಸಿಪ್ರಿಯಾನ್ ಅಡ್ಡ ಬಂದ. ಗುಂಪಿನಲ್ಲಿ ದುಯಿಯ ನಂತರ ಅವನದೇ ಮಾತು; ಆ ಹೊತ್ತಿಗೆ ಬಹುಶಃ ಅವನದೇ ಮೊದಲು.

"ಯಾರಿಗೋ ದಾರಿ? ಈ ಬೇಡಪ್ಪನಿಗಾ? ನಮ್ಮಜ್ಜಿ ಹೆಣ ಮನೇಲಿತ್ತು, ಇವ್ನು ಮತ ಹಾಕಕ್ಕೆ ಹೋಗಿದ್ದ! ಇವತ್ತು ಇವ್ನನ್ನ ಬಿಟ್ರೆ ನಾಳೆ ಆ ಬಂದೂಕಿನೋರೂ ಬರ್ತಾರೆ, ಬಿಡು ಅಂತಾರೆ."

"ಸಾಯ್ತಾನೆ ಕಣೋ ಸಿಪ್ರಿಯಾನ್," ಎಂದಳು ಓನೊರೀನ್.

"ಅತ್ತೆ, ನಿಮ್ಗೆ ನಾನು ಎದುರಾಡಲ್ಲ. ನೀವು ನಡ್ಕೊಂಡು ಹೋಗಿ, ಕಾಲಿಗೆ ಬಿದ್ದು ಕಳಿಸ್ತೀನಿ. ಅವ್ರು ದಾಟ್ಬೇಕು ಅಂದ್ರೆ ಎಲ್ಲಾರಂಗೆ ಪದ್ಧತಿ ಮಾಡ್ಲಿ. ಬಟ್ಟೆ ಇಟ್ಟು, ಬಾಯಿಬಿಟ್ಟು ಕೇಳ್ಲಿ. ತಪ್ಪಾಯ್ತು ಅನ್ಲಿ."

ಓನೊರೀನ್ ಇದಕ್ಕೆ ಸಿದ್ಧವಾಗಿಯೇ ಬಂದಿದ್ದಳು. ಪರರ ಹೊಸ್ತಿಲು ದಾಟುವಾಗ ಬಟ್ಟೆಯ ತುಂಡು, ಜೊತೆಗೆ ತಂಬಾಕು ನೆಲದ ಮೇಲಿಟ್ಟು, ಬಂದ ಕಾರಣ ಹೇಳಿ ಅಪ್ಪಣೆ ಬೇಡುವುದು ಕನಕರಲ್ಲಿ ತಲೆತಲಾಂತರದ ರೂಢಿ. ಹೂಬಟ್ಟೆಯೊಂದನ್ನು ಮಡಚಿ ಚೀಲದಲ್ಲಿ ತಂದಿದ್ದಳು. ಅಣ್ಣನ ಕಣ್ಣಿಗೆ ಬೀಳುವ ಮೊದಲೇ ಮುಗಿಸಿಬಿಡೋಣವೆಂದು ಬೇಗಬೇಗ ಅದನ್ನು ಹೊರಗೆಳೆದು ಹುಡುಗರ ಮುಂದೆ ಟಾರಿನ ಮೇಲೆ ಇಟ್ಟಳು.

"ನಮ್ಮಣ್ಣನ ಹೆಸ್ರಲ್ಲಿ ಈ ಚಿಕ್ಕ ಬಟ್ಟೆ ಇಡ್ತಾ ಇದೀನಿ..."

ಕಾರಿನ ಬಾಗಿಲು ಧಡಾರೆಂದಿತು. ಎಲ್ವಾ ಇಳಿದಿದ್ದ. ಬಾಗಿಲನ್ನು ಹಿಡಿದುಕೊಂಡು, ಬರಿಗಾಲಲ್ಲಿ ನಿಂತು ಏದುಸಿರು ಬಿಡುತ್ತಿದ್ದ.

"ಎತ್ತು ಅದನ್ನ!"

"ಅಣ್ಣ, ದಮ್ಮಯ್ಯ..."

"ಎತ್ತು ಅಂದೆ! ನನ್ನ ಹೆಸ್ರಲ್ಲಿ ನಿನ್ನ ಮಗನ ಕಾಲ ಹತ್ರ ಬಟ್ಟೆ ಇಡ್ತೀಯಾ? ಅವ್ನು ಹುಟ್ಟಿದಾಗ ಕಿವೀಲಿ ಉಸಿರು ಊದಿದೋನು ನಾನು. ಸೋದರಮಾವ ಅಳಿಯನ್ನ ಬೇಡ್ಕೊಳ್ಳೋದು ಯಾವ ಊರಲ್ಲಿ ನೋಡಿದೀಯ?"

ಓನೊರೀನ್ ಬಟ್ಟೆ ಎತ್ತಿಕೊಂಡಳು. ಮಾಡಬಾರದ್ದನ್ನು ಮಾಡಿದೆನೆಂದು ಅವಳಿಗೆ ಗೊತ್ತಾಯಿತು, ಆದರೂ ಅಣ್ಣನ ಮೇಲೆ ಸಿಟ್ಟು ಉಕ್ಕಿತು. ಸಾಯುವ ಹೊತ್ತಿನಲ್ಲಿ ಇವನಿಗೆ ಮರ್ಯಾದೆಯ ಲೆಕ್ಕ! ಎರಡು ಮಾತು ಆಡಿದ್ದರೆ ಇಷ್ಟು ಹೊತ್ತಿಗೆ ಸೇತುವೆ ದಾಟಿರುತ್ತಿದ್ದರು.

ಸಿಪ್ರಿಯಾನ್ ಚಪ್ಪಾಳೆ ತಟ್ಟಿದ. "ನೋಡ್ರಪ್ಪಾ, ಫ್ರಾನ್ಸಿನ ತಾತನಿಗೆ ಈಗ ಪದ್ಧತಿ ನೆನಪಾಯ್ತು! ಯಾಕೆ ತಾತ, ಪ್ಯಾರಿಸ್‌ಗೆ ಫೋನ್ ಮಾಡಿ, ಹೆಲಿಕಾಪ್ಟರ್ ಕಳಿಸ್ತಾರೆ."

ಹುಡುಗರು ನಕ್ಕರು. ದುಯಿ ನಗಲಿಲ್ಲ. ಎಲ್ವಾ ಸಿಪ್ರಿಯಾನನ ಕಡೆ ನೋಡಲೂ ಇಲ್ಲ. ಅವನ ಕಣ್ಣು ಅಳಿಯನ ಹಣೆಯ ಪಟ್ಟಿಯ ಮೇಲೆ ನೆಟ್ಟಿತ್ತು.

"ದುಯಿ, ಬಾ ಇಲ್ಲಿ. ಅದು ಯಾರ ರಕ್ತ?"

"ನಂದೇ ಮಾವ."

"ನಿಂದಾ? ನಿಂಗೆ ಎಲ್ಲಿಂದ ಬಂತು? ನಿಮ್ಮಪ್ಪ ಹೆಸರು ಕೊಟ್ಟ, ಹೊಲ ಕೊಟ್ಟ. ರಕ್ತ ಯಾರ ಕಡೇದು?"

ದುಯಿ ತಲೆ ತಗ್ಗಿಸಿದ. "ಅಮ್ಮನ ಕಡೇದು. ನಿಮ್ದು."

"ನಂದು. ನನ್ನ ರಕ್ತ ರಸ್ತೇಲಿ ಚೆಲ್ಲಿದೀಯ. ನನ್ನ ಕೇಳಿದ್ಯಾ? ಆದ್ಮೇಲಾದ್ರೂ ಬಂದು ತಪ್ಪು ಒಪ್ಕೊಂಡ್ಯಾ? ಇಷ್ಟು ದಿನ ಹಾಸಿಗೇಲಿ ಬಿದ್ದಿದ್ದೆ, ಹೊಸ್ತಿಲ ಹತ್ರ ಒಬ್ರೂ ಬರ್ಲಿಲ್ಲ." ಉಸಿರು ಸಾಲದೆ ನಿಂತ. ಮತ್ತೆ ಹೇಳಿದ. "ನಮ್ಮನ್ನ ಕೇಳ್ದೆ ಮಾಡಿದ್ರು, ಕೇಳ್ದೆ ಮಾಡಿದ್ರು ಅಂತ ಊರೆಲ್ಲಾ ಬೆಂಕಿ ಹಚ್ಚಿದೀರಲ್ಲ. ನೀವು ಯಾರನ್ನ ಕೇಳಿದ್ರಿ?"

ನಗು ನಿಂತುಹೋಯಿತು. ಗುಂಪಿನಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡವರು, ಕೈಗೆ ಗಾಯವಾದವರು ಇನ್ನೂ ಇದ್ದರು. ಅವರಿಗೆಲ್ಲ ಸೋದರಮಾವಂದಿರಿದ್ದರು. ಮೈಯ ರಕ್ತ ತಾಯಿಯ ಕಡೆಯದು, ಗಾಯವಾಗಿ ಅದು ಬಿದ್ದರೆ ಮಾವನ ಮುಂದೆ ಬಟ್ಟೆಯಿಟ್ಟು ತಪ್ಪೊಪ್ಪಿಕೊಳ್ಳಬೇಕು ಎಂಬುದು ಅವರಲ್ಲಿ ಯಾರಿಗೂ ಹೊಸದಲ್ಲ. ಯಾವ ರೂಢಿ ಉಳಿಯಬೇಕೆಂದು ಈ ಮರ ಕಡಿದು ಕೆಡವಿದ್ದರೋ, ಆ ರೂಢಿಯೇ ಬರಿಗಾಲಲ್ಲಿ ಬಂದು ಎದುರಿಗೆ ನಿಂತಿತ್ತು.

ದುಯಿ ಸುತ್ತ ನೋಡಿದ. ಇಡಲು ಬಟ್ಟೆ ಬೇಕಲ್ಲ? ಓನೊರೀನ್ ತನ್ನ ಕೈಯಲ್ಲಿದ್ದ ಹೂಬಟ್ಟೆಯನ್ನು ಮಗನ ಕಡೆ ಚಾಚಿದಳು.

"ಅದು ನನ್ನ ಮನೇದು," ಎಂದ ಎಲ್ವಾ. "ನಂದೇ ಬಟ್ಟೆ ನಂಗೇ ಕೊಡ್ತಾನಾ?"

ಅಲ್ಲಿ ಇನ್ನೇನಿತ್ತು? ಮಸಿ ಹಿಡಿದ ಅಂಗಿಗಳು, ಟೈರು, ಬೂದಿ. ದುಯಿ ಸುಟ್ಟ ಕಾರಿನ ಮೇಲೆ ಹತ್ತಿ, ಬಿದಿರು ಬಾಗಿಸಿ, ಬಾವುಟದ ಗಂಟು ಬಿಚ್ಚತೊಡಗಿದ.

"ಏಯ್! ತಲೆ ಕೆಟ್ಟಿದ್ಯಾ ನಿಂಗೆ?" ಸಿಪ್ರಿಯಾನ್ ಅವನ ಕಾಲು ಹಿಡಿದೆಳೆದ. "ಅದಕ್ಕೋಸ್ಕರ ಜನ ಸತ್ತಿದಾರೆ! ಅದನ್ನ ಈ ಮನುಷ್ಯನಿಗೆ..."

"ಕಾಲು ಬಿಡು."

"ಬಿಡಲ್ಲ."

"ನಾಳೆ ಇದು ದೇಶ ಆದ್ರೆ, ಅದರ ಬಾವುಟ ಮಾವನ ಮುಂದೆ ಇಡಕ್ಕೆ ಆಗಲ್ಲ ಅಂದ್ರೆ, ಅದು ಯಾರ ದೇಶ ಹೇಳು?" ದುಯಿ ಬಾಗಿ ಅವನ ಕೈ ಹಿಡಿದ. "ಬಿಡೋ, ಕೈ ಮುಗೀತೀನಿ."

ಸಿಪ್ರಿಯಾನ್ ಕಾಲು ಬಿಟ್ಟ. ಬಿಟ್ಟು, ಅಳು ಬಂದವನ ಹಾಗೆ ಅತ್ತ ತಿರುಗಿ ನಿಂತ.

ದುಯಿ ಬಾವುಟ ಮಡಚಿ ಎಲ್ವಾನ ಊದಿದ ಪಾದಗಳ ಮುಂದಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ನೆಲ ನೋಡುತ್ತ ಹೇಳಿದ: "ಮಾವ, ಇದು ಚಿಕ್ಕ ಬಟ್ಟೆ. ನಿಮ್ಮ ರಕ್ತ ನಿಮ್ಮನ್ನ ಕೇಳ್ದೆ ಚೆಲ್ಲಿದೆ. ಈ ಬಟ್ಟೆ ಹಿಂದೆ ತಲೆ ತಗ್ಗಿಸಿ ನಿಂತಿದೀನಿ. ತಗೊಳ್ಳಿ."

ಈಗ ಎಲ್ಲರೂ ಎಲ್ವಾನನ್ನು ನೋಡಿದರು. ಆ ಬಾವುಟ ಹಾರಿಸಿದ ಮನೆಯಲ್ಲಿ ಅವನು ನೀರು ಕುಡಿದವನಲ್ಲ. ಯಂತ್ರಕ್ಕೆ ದುಡ್ಡು ಕೊಡುವವರು ಯಾರು, ನಿಮ್ಮ ಬಾವುಟವಾ ಎಂದು ಹಂಗಿಸಿದವನು. ಓನೊರೀನ್ ಅಣ್ಣನ ತುಟಿಯನ್ನೇ ನೋಡುತ್ತಿದ್ದಳು, ತುಟಿ ನೀಲಿಗಟ್ಟುತ್ತಿತ್ತು. ತಗೋ, ತಗೋ ಎಂದು ಅವಳು ಮನಸ್ಸಿನಲ್ಲೇ ಹಲುಬುತ್ತಿದ್ದಳು. ಬೇಡವೆಂದರೆ ಪದ್ಧತಿ ಮುರಿಯಿತು, ದಾರಿ ಮುಚ್ಚಿತು, ಅಣ್ಣನೂ ಹೋದ, ಮಗನೂ ಹೋದ.

ಎಲ್ವಾ ಬಾಗಿಲು ಬಿಟ್ಟು ಬಗ್ಗಲು ಹೋದ. ಆಗಲಿಲ್ಲ, ಮಂಡಿಯೂರಿಬಿಟ್ಟ. ಹಾಗೇ ಎರಡೂ ಕೈಯಲ್ಲಿ ಎತ್ತಿಕೊಂಡ.

"ತಗೊಂಡೆ. ಬಣ್ಣ ತಗೊಂಡಿಲ್ಲ, ಬಟ್ಟೆ ತಗೊಂಡೆ. ಆ ರಕ್ತದ ಮಾತು ಮುಗೀತು. ಇನ್ನು ಒಂದು ತೊಟ್ಟು ಬಿದ್ರೂ ನನ್ನ ಕೇಳ್ಬೇಕು."

"ಸರಿ ಮಾವ."

ದುಯಿಯೇ ಅವನನ್ನು ತಬ್ಬಿ ಎತ್ತಿ ಸೀಟಿಗೆ ಕೂರಿಸಿದ. ಮರ ಸರಿಸಲು ಹುಡುಗರೆಲ್ಲ ಕೈ ಹಾಕಿದರು. ಸಿಪ್ರಿಯಾನ್ ಬರಲಿಲ್ಲ, ತಡೆಯಲೂ ಇಲ್ಲ.

ಸೇತುವೆಯ ಮೇಲೆ ಫ್ರಾನ್ಸಿನಿಂದ ಬಂದಿಳಿದ ಪೊಲೀಸರು. ಬಿಸಿಲಿಗೆ ಕತ್ತು ಸುಟ್ಟು ಕೆಂಪಗಾದ ಯುವಕನೊಬ್ಬ ಬಂದೂಕು ಇಳಿಬಿಟ್ಟುಕೊಂಡು ಕಾರಿನ ಹತ್ತಿರ ಬಂದ. ಎಲ್ವಾನ ತೊಡೆಯ ಮೇಲಿನ ಬಾವುಟ ಕಂಡಿದ್ದೇ ಅವನ ಬೆರಳು ಬಿಗಿಯಾಯಿತು.

"ಅದನ್ನು ಕೆಳಗೆ ಹಾಕಿ."

"ಆಸ್ಪತ್ರೆಗೆ ಹೋಗ್ತಿದೀವಿ ಸರ್, ಇವ್ರಿಗೆ ಹುಷಾರಿಲ್ಲ," ಎಂದಳು ಓನೊರೀನ್. ಹಿಂದೆ ತಿರುಗಿ ಪಿಸುಗುಟ್ಟಿದಳು: "ಕೊಡಣ್ಣ ಇಲ್ಲಿ. ಆಮೇಲೆ ತಗೊಳ್ಳೋಣ."

"ಇದು ಅಳಿಯ ಕೊಟ್ಟಿದ್ದು. ಕೆಳಗೆ ಹಾಕಿದ್ರೆ ಅವ್ನ ರಕ್ತ ಮತ್ತೆ ರಸ್ತೆಗೆ ಬಿದ್ದಂಗೆ," ಎಂದ ಎಲ್ವಾ. ಆ ಯುವಕನಿಗೆ ಹೇಳಿದ: "ಮಗು, ನಾನು ನಿಮ್ಮ ದೇಶಕ್ಕೇ ಮೂರು ಸಲ ಮತ ಹಾಕಿದೀನಿ. ಆದ್ರೂ ಇದನ್ನ ಕೊಡಲ್ಲ."

"ಹಾಗಾದರೆ ಇಳಿಯಿರಿ."

ಇಳಿಯಲು ಅವನಲ್ಲಿ ತ್ರಾಣವಿರಲಿಲ್ಲ. ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತಿತ್ತು. ಆದರೆ ಕೈ ಸಡಿಲಲಿಲ್ಲ. ಓನೊರೀನಳಿಗೆ ಅಳು ತಡೆಯಲಾಗಲಿಲ್ಲ. ಸ್ಟೇರಿಂಗಿಗೆ ತಲೆ ಕೊಟ್ಟು ಜೋರಾಗಿ ಅತ್ತುಬಿಟ್ಟಳು. ಆ ಸದ್ದಿಗೆ ಹಿರಿಯ ಅಧಿಕಾರಿ ಬಂದು, ಒಳಗೆ ನೋಡಿ, ಬೇಸರದಿಂದ ಕೈಯಾಡಿಸಿದ. "ಬಣ್ಣ ಕಾಣದ ಹಾಗೆ ಮಡಚಿಕೊಳ್ಳಲಿ. ಬೇಗ ಕಳಿಸು."

ಎಲ್ವಾನ ಊದಿದ ಬೆರಳುಗಳಿಗೆ ಮಡಚಲು ಬರಲಿಲ್ಲ. ಯುವಕ ಬಂದೂಕನ್ನು ಬೆನ್ನಿಗೆ ಸರಿಸಿ ತಾನೇ ಬಾವುಟ ತೆಗೆದುಕೊಂಡು, ಒಳಮಗ್ಗುಲಾಗಿ ಅಂಚಿಗೆ ಅಂಚು ಕೂಡಿಸಿ ಅಚ್ಚುಕಟ್ಟಾಗಿ ಮಡಚಿ, ಎರಡು ಕೈಯಲ್ಲಿ ಹಿಂದಕ್ಕೆ ಕೊಟ್ಟ. ಎಲ್ವಾ ಎರಡು ಕೈಯಲ್ಲಿ ತೆಗೆದುಕೊಂಡು ತಲೆ ಬಾಗಿಸಿದ. ಬಾಗಿಸಿದವನು, ಕೊಡುವವನು ಆಡಬೇಕಾದ ಮಾತಿಗಾಗಿ ಹಾಗೇ ಕಾದ.

"ಹೊರಡಿ, ಹೊರಡಿ," ಎಂದ ಯುವಕ.

ಸೇತುವೆ ದಾಟಿದ ಮೇಲೆ ಎಲ್ವಾ ಮೆಲ್ಲಗೆ ಹೇಳಿದ: "ಒಳ್ಳೇ ಹುಡುಗ. ಎರಡು ಕೈಲಿ ಕೊಟ್ಟ. ಆದ್ರೆ ಒಂದು ಮಾತು ಆಡ್ಲಿಲ್ಲ ನೋಡು, ಓನೊರೀನ್. ಇವರು ಏನೇ ಕೊಟ್ರೂ ಹಂಗೇ."

ಇಷ್ಟು ವರ್ಷಗಳಲ್ಲಿ ಅಣ್ಣನ ಬಾಯಿಂದ ಇಂಥ ಮಾತನ್ನು ಅವಳು ಕೇಳಿರಲಿಲ್ಲ. ಕಾರಿನ ವೇಗ ಹೆಚ್ಚಿಸಿದಳು.

ಆಸ್ಪತ್ರೆಯಲ್ಲಿ ನರ್ಸ್ ಓಡಿಬಂದು ಅವನನ್ನು ಮಲಗಿಸಿ ತೋಳಿಗೆ ಸೂಜಿ ಚುಚ್ಚಿದಳು. ಯಂತ್ರ ತಿರುಗತೊಡಗಿತು. ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ, ತೊಳೆಸಿಕೊಂಡು, ಒಳಗೆ ಬಂತು.

"ಪ್ರಾಣ ಹೋಗೋ ಹೊತ್ತಿಗೆ ಬಂದಿದೀರಲ್ಲ ಅಜ್ಜ. ಯಾರು ತಡೆದ್ರು ನಿಮ್ಮನ್ನ?" ಎಂದು ನರ್ಸ್ ಗದರಿದಳು.

ಎಲ್ವಾ ಕಣ್ಣು ತೆರೆಯದೆ ಹೇಳಿದ: "ಯಾರೂ ತಡೀಲಿಲ್ಲಮ್ಮ. ಮನೇಲಿ ಸ್ವಲ್ಪ ಮಾತಿತ್ತು. ನಾವ್ನಾವೇ ಮುಗಿಸ್ಕೊಂಡು ಬಂದ್ವಿ."