ಓದಿನ ನಡುವಿನ ಹೊದಿಕೆ

ವಿಜಾಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಹಾಜಿರಾಬಿಯ ಗಲೀಫು ಎಂದರೆ ಕಣ್ಣು ಮುಚ್ಚಿ ಒಯ್ಯುತ್ತಾರೆ. ದರ್ಗಾಗಳಿಗೆ ಹೊದಿಸುವ ಜರಿಬಟ್ಟೆ ಅದು. ಮಗಳು ಜೀನತಳನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ತಾಯಿಯ ಸೂಜಿಗೆ ದಾರ ಪೋಣಿಸುವ ಹುಡುಗಿ ಎಂದಷ್ಟೇ ಅವಳಿಗೆ ಹೆಸರು. ಹಾಗಿರುವಾಗ ಸ್ಯಾಮ್ಸನ್ ಪೇಣಕರ ಅವಳ ಕೈಗೇ ನೀಲಿ ಮಖಮಲ್ಲು ಕೊಟ್ಟುಬಿಟ್ಟರು.

ಪೇಣಕರ ಠಾಣೆ ಎಂಬ ಊರಿನ ಯಹೂದಿ. ಹಿಂದೆ ಬಬಲೇಶ್ವರದ ಬ್ಯಾಂಕಿನಲ್ಲಿದ್ದು ಕನ್ನಡ ಕಲಿತವರು. ತಮ್ಮ ಪ್ರಾರ್ಥನಾ ಮಂದಿರದ ತೋರಾ ಗ್ರಂಥಕ್ಕೆ ಅಂಗಿ, ಎಂದರೆ ಮೇಲಿನಿಂದ ತೊಡಿಸುವ ಹೊದಿಕೆ, ಹೊಲಿಸಬೇಕಾಗಿತ್ತು.

“ಚರ್ಮದ ಸುರುಳಿ ಮ್ಯಾಲ ಕೈಲೆ ಬರದ ಗ್ರಂಥ ನೋಡವಾ. ಅಕ್ಷರಕ್ಕ ಬೆರಳು ತಾಗಸಂಗಿಲ್ಲ, ಬೆಳ್ಳಿ ಕಡ್ಡಿ ಹಿಡದು ಓದತೀವಿ. ಮ್ಯಾಲೆತ್ತಿದಾಗ ಎಲ್ಲಾರೂ ಎದ್ದು ನಿಲ್ಲತೀವಿ. ಓದೂದು ನಡುವ ನಿಂತರ ಹಂಗ ತೆರೆದು ಬಿಡೂದಿಲ್ಲ, ಮ್ಯಾಲ ಅರಿವಿ ಮುಚ್ಚತೀವಿ.”

ಕೈಕಾಲು ಮುಖ ತೊಳೆದು ವುಜೂ ಮಾಡದೆ ಕುರಾನ್ ಮುಟ್ಟದ ಮನೆಯವಳಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಜೀನತ ದಿನಾ ಕೈ ತೊಳೆದೇ ಸೂಜಿ ಹಿಡಿದಳು. ಉದ್ದ ಬಟ್ಟೆಯನ್ನು ನಡುವೆ ಮಡಿಚಿ, ಬದಿಗಳನ್ನಷ್ಟೇ ಹೊಲಿದು, ಮೇಲೆಲ್ಲ ಜರಿಬಳ್ಳಿ ಹಬ್ಬಿಸಿದಳು. ಪವಿತ್ರ ಗ್ರಂಥದ ನೆತ್ತಿ ತೆರೆದಿರಬಾರದು ಎಂಬುದು ಅವಳ ಲೆಕ್ಕ. ತಮ್ಮ ಮನೆಯ ಕುರಾನಿನ ಚೀಲವೂ ಹಾಗೇ ಇತ್ತು.

ಗುರುವಾರ ಬಂದ ಪೇಣಕರ ಅದನ್ನು ತಿರುವಿ ನೋಡಿ ಸಪ್ಪಗಾದರು.

“ಸುರುಳಿ ಎರಡು ಕೋಲಿಗೆ ಸುತ್ತಿರತದ, ಜೀನತ. ಅವು ಮ್ಯಾಲ ಹೊರಗ ಬರಬೇಕು. ಎರಡು ತೂತು ಬೇಕಿತ್ತು. ಶನಿವಾರದ ಓದಿಗೆ ಇದನ್ನs ನಂಬಿದ್ದೆ.”

“ಈಗ ಕತ್ತರಿ ಹಾಕಿದ್ರ ಜರಿ ಎಲ್ಲಾ ಬಿಚ್ಚಿ ಬರತದ್ರಿ,” ಎಂದಳು ಹಾಜಿರಾಬಿ.

ಜೀನತ ಅಂಗಿಯನ್ನು ತನ್ನತ್ತ ಎಳೆದುಕೊಂಡಳು. ತನ್ನ ಹೆಸರಿನ ಮೊದಲ ಕೆಲಸವೇ ಹೀಗೆ ಮರಳಿ ಬಂದರೆ ಇನ್ನು ಯಾರು ನಂಬಿ ಬಟ್ಟೆ ಕೊಟ್ಟಾರು? ಊರ ಬಾಯಿಗಂತೂ ಬೀಗ ಹಾಕಲಾಗದು. ಆಗಲೇ ಪೇಣಕರ ಮೊದಲ ದಿನ ಹೇಳಿದ ಮಾತೊಂದು ನೆನಪಾಯಿತು.

“ಕಾಕಾ, ನಡುವ ಮುಚ್ಚೂ ಅರಿವಿ ಹೆಂಗಿರತದ್ರಿ?”

“ಅಗಲಾಗಿ, ಹಾಸೂ ಹಂಗ. ನಮ್ಮದು ಹರದು ಹಿಂಜಿ ಹೋಗೇತಿ.”

ಜೀನತ ಎರಡೂ ಬದಿಯ ಹೊಲಿಗೆ ಬಿಚ್ಚಿ ಬಟ್ಟೆಯನ್ನು ಚಾಪೆಯ ಮೇಲೆ ಹರವಿದಳು. ಎಲ್ಲಿಯೂ ಕತ್ತರಿ ಆಡಿರಲಿಲ್ಲ, ಒಂದೆಳೆ ಜರಿ ಅಲುಗಿರಲಿಲ್ಲ. “ನಡುವ ಮುಚ್ಚಾಕ ಇದs ಆಗತದ,” ಎಂದು ಪೇಣಕರ ಅದನ್ನು ಎರಡೂ ಕೈಯಿಂದ ಎತ್ತಿಕೊಂಡರು.

ಶನಿವಾರ ಯಹೂದಿಗಳಿಗೆ ವಿಶ್ರಾಂತಿಯ ದಿನ, ಕತ್ತಲಾಗುವತನಕ ಪೇಣಕರ ಫೋನು ಮುಟ್ಟುವವರಲ್ಲ. ಜೀನತಳಿಗೆ ಇಡೀ ದಿನ ಊಟ ಸೇರಲಿಲ್ಲ. ಸಂಜೆಯ ಮಗರಿಬ್ ನಮಾಜು ಮುಗಿದು ಕತ್ತಲಾದ ಮೇಲೆ ಕರೆ ಬಂತು.

“ಓದು ನಡುವ ನಿಂತಾಗ ನಿನ್ನ ಅರಿವಿ ಮುಚ್ಚಿದ್ವಿ. ಇದು ಯಾರ ಕೈಕೆಲಸ ಅಂತ ಎಲ್ಲಾರೂ ಕೇಳಿದ್ರು. ವಿಜಾಪುರದ ಜೀನತಂದು ಅಂದೆ. ಅಂಗಿನೂ ನೀನs ಹೊಲೀಬೇಕು.”

ಸಂತೋಷಕ್ಕೆ ಅವಳ ಕಣ್ಣು ತುಂಬಿದವು.

“ಹೊಲೀತೇನ್ರಿ ಕಾಕಾ. ಮೊದಲು ಕೋಲಿನ ದಪ್ಪ ಹೇಳ್ರಿ.”

ಫೋನಿಟ್ಟು ತಿರುಗಿದಳು. ದೀಪದ ಕೆಳಗೆ ಹಾಜಿರಾಬಿ ಕಣ್ಣು ಕಿರಿದು ಮಾಡಿಕೊಂಡು, ಮಗಳಿಗಾಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು.